ಏಡಿ ಉಳಿಸಲು ಕಾನೂನು ಬಂದ ಕೊಲ್ಲಿ

ಅಮೆರಿಕದ ಪೂರ್ವ ಕರಾವಳಿಯಲ್ಲಿ ನ್ಯೂಜೆರ್ಸಿ ಮತ್ತು ಡೆಲವೇರ್ ರಾಜ್ಯಗಳ ನಡುವೆ ಚಾಚಿಕೊಂಡಿರುವುದು ಡೆಲವೇರ್ ಕೊಲ್ಲಿ. ಇದನ್ನು ನೋಡಲು ಮೇ, ಜೂನ್ ತಿಂಗಳ ಹುಣ್ಣಿಮೆ ಅಥವಾ ಅಮಾವಾಸ್ಯೆಯ ರಾತ್ರಿಯೇ ಸರಿ. ಉಬ್ಬರ ಏರುತ್ತಿದ್ದಂತೆ ಕುದುರೆಲಾಳದ ಏಡಿಗಳು ಸಾವಿರಗಟ್ಟಲೆ ದಡ ಹತ್ತುತ್ತವೆ. ಹೆಣ್ಣು ಮರಳು ತೋಡಿ ಒಂದು ಸಲಕ್ಕೆ ಸುಮಾರು 4,000 ಹಸಿರು ಮೊಟ್ಟೆ ಇಡುತ್ತದೆ; ಬೆನ್ನಿಗೆ ಅಂಟಿಕೊಂಡು ಬಂದ ಗಂಡು ಅವನ್ನು ಫಲಗೊಳಿಸುತ್ತದೆ. ಹೆಸರಿಗೆ ಏಡಿ, ನಂಟು ಜೇಡ–ಚೇಳುಗಳ ಜೊತೆ. ಡೈನೋಸಾರ್‌ಗಳಿಗೂ ಹಿಂದಿನ ವಂಶ ಇದು. ಅಮೆರಿಕದ ಪ್ರಭೇದ ಅತಿ ಹೆಚ್ಚು ಸೇರುವುದು ಇದೇ ಕೊಲ್ಲಿಯಲ್ಲಿ.

ಈ ಮೊಟ್ಟೆಗಳನ್ನೇ ನಂಬಿ ದಕ್ಷಿಣ ಅಮೆರಿಕದ ತುದಿಯಿಂದ ರೆಡ್ ನಾಟ್ ಎಂಬ ಪುಟ್ಟ ಹಕ್ಕಿ ಹಾರಿ ಬರುತ್ತದೆ. ಎರಡು ವಾರಗಳಲ್ಲಿ ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಂಡರಷ್ಟೇ ಅದು ಕೆನಡಾದ ಹಿಮನಾಡು ಮುಟ್ಟಿ ಮರಿ ಮಾಡಬಲ್ಲದು.

ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿನ ಜನ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಏಡಿಗಳನ್ನು ಹಿಡಿದು ಒಣಗಿಸಿ ಗೊಬ್ಬರ ಮಾಡುತ್ತಿದ್ದರು. ಆ ಧಂದೆ ನಿಂತಿತು ಎನ್ನುವಾಗ 1990ರ ದಶಕದಲ್ಲಿ ಹಾವುಮೀನು ಮತ್ತು ಶಂಖದ ಹುಳುವಿನ ಬೇಟೆಗೆ ಇವೇ ಎರೆಯಾದವು. ಅದರಲ್ಲೂ ಮೊಟ್ಟೆ ತುಂಬಿದ ಹೆಣ್ಣಿಗೆ ಬೇಡಿಕೆ. ಬೆಳೆದು ಮೊಟ್ಟೆ ಇಡಲು ಹತ್ತು ವರ್ಷ ಬೇಕಾಗುವ ಜೀವಿಯನ್ನು ಹೀಗೆ ಬಾಚಿದರೆ ಉಳಿಯುವುದೇನು? ಏಡಿಗಳ ಸಂಖ್ಯೆ ಇಳಿಯಿತು, ಹಕ್ಕಿಗಳದ್ದೂ ಇಳಿಯಿತು.

ಕಾನೂನು ಕಂತುಕಂತಾಗಿ ಬಂತು. ಅಟ್ಲಾಂಟಿಕ್ ಕರಾವಳಿ ರಾಜ್ಯಗಳ ಮೀನುಗಾರಿಕೆ ಆಯೋಗ 1998ರಲ್ಲಿ ಯೋಜನೆ ರೂಪಿಸಿತು. 2001ರಲ್ಲಿ ಕೊಲ್ಲಿಯ ಬಾಯಿಯಾಚೆ ಸುಮಾರು 1,500 ಚದರ ಮೈಲಿ ಕಡಲು ಏಡಿಗಳಿಗೆ ಮೀಸಲಾಯಿತು. ಅವುಗಳ ಅಧ್ಯಯನಕ್ಕೆ ಬದುಕು ಸವೆಸಿದ ಕಾರ್ಲ್ ಶುಸ್ಟರ್ ಅವರ ಹೆಸರು ಅದಕ್ಕಿದೆ. ನ್ಯೂಜೆರ್ಸಿ 2008ರಲ್ಲಿ ಎರೆಗಾಗಿ ಹಿಡಿಯುವುದನ್ನೇ ನಿಷೇಧಿಸಿತು. ಡೆಲವೇರ್ ಕಡೆ ಮಾತ್ರ ಗಂಡುಗಳನ್ನು ಮಿತಿಯೊಳಗೆ ಹಿಡಿಯಬಹುದು. 2014ರಲ್ಲಿ ರೆಡ್ ನಾಟ್ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿದ್ದು ಏಡಿಯ ಪರ ವಾದಕ್ಕೂ ಬಲ ತಂದಿತು.

ಆದರೆ ಎರೆಗೆ ಹಾಕಿದ ಮಿತಿ ಔಷಧ ಉದ್ಯಮಕ್ಕಿಲ್ಲ. ಏಡಿಯ ನೀಲಿ ರಕ್ತ ಬ್ಯಾಕ್ಟೀರಿಯಾ ವಿಷ ತಗುಲಿದೊಡನೆ ಹೆಪ್ಪುಗಟ್ಟುತ್ತದೆ. ಲಸಿಕೆ, ಇಂಜೆಕ್ಷನ್, ಸಲೈನ್ ಶುದ್ಧವೇ ಎಂದು ನೋಡುವುದು ಹೆಚ್ಚಾಗಿ ಇದರಿಂದಲೇ. ರಕ್ತ ತೆಗೆದು ಕಡಲಿಗೆ ಬಿಟ್ಟ ಏಡಿಗಳಲ್ಲಿ ಶೇ 15ರಷ್ಟು ಸಾಯುತ್ತವೆ ಎಂಬುದು ಆಯೋಗದ್ದೇ ಲೆಕ್ಕ. ಪ್ರಯೋಗಾಲಯದಲ್ಲೇ ತಯಾರಾಗುವ ಪರ್ಯಾಯ ವಸ್ತುವಿಗೆ ಅಮೆರಿಕದ ಔಷಧ ಮಾನದಂಡ 2025ರ ಮೇಯಲ್ಲಿ ಮನ್ನಣೆ ಕೊಟ್ಟಿದೆ. ಇನ್ನೂ ರಕ್ತಕ್ಕೇ ಅಂಟಿಕೊಳ್ಳಲು ಕಂಪನಿಗಳಿಗೆ ನೆಪ ಉಳಿದಿಲ್ಲ.

ನ್ಯೂಜೆರ್ಸಿಯಲ್ಲಿ ಕನ್ನಡಿಗರು ಬಹಳ ಮಂದಿ ಇದ್ದಾರೆ; ಈ ಕೊಲ್ಲಿ ನೋಡಲು ಹೋಗುವವರಿಗೆ ಒಂದು ಮಾತು. ಮೇ ಆರಂಭದಿಂದ ಜೂನ್ ಮೊದಲ ವಾರದವರೆಗೆ ಹಕ್ಕಿಗಳಿಗಾಗಿ ಅಲ್ಲಿನ ಹಲವು ದಡಗಳು ಮುಚ್ಚಿರುತ್ತವೆ, ದಯವಿಟ್ಟು ಬೇಲಿ ದಾಟಬೇಡಿ. ತೆರೆದ ದಡದಲ್ಲಿ ಅಲೆಗೆ ಅಂಗಾತ ಬಿದ್ದ ಏಡಿ ಕಂಡರೆ ಬಾಲ ಹಿಡಿದು ಎಳೆಯಬೇಡಿ. ಚಿಪ್ಪಿನ ಅಂಚು ಹಿಡಿದು ಮಗುಚಿ ಬಿಡಿ.