ಮೇಜು ಗರಗಸದ ಗೈಡು

ಕೂರಿಗೆಯ ತಾಳಿಗೂ ಕುಂಟೆಯ ದಿಂಡಿಗೂ ಚಕ್ಕಡಿಯ ಗಾಲಿಗೂ ಜಾಲಿಯ ಕಟ್ಟಿಗೆಯನ್ನು ತಲೆತಲಾಂತರದಿಂದ ಕೆತ್ತುತ್ತ ಬಂದಿರುವ ರಾಯಬಾಗ ಸೀಮೆಯ ಬಡಿಗರಿಗೆ, ಹಗಲೆಲ್ಲ ಕೈಗರಗಸವನ್ನೆಳೆದು ಸೀಳಬೇಕಾಗಿದ್ದ ತೊಲೆಯನ್ನು ಕ್ಷಣಾರ್ಧದಲ್ಲಿ ಸೀಳಿಕೊಡುವ ಮೇಜು ಗರಗಸವು ಪರಮೋಪಕಾರಿಯಾದ ಯಂತ್ರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೊಳ್ಳುವವರೆಲ್ಲರೂ ಅಲಗಿನ ಹಲ್ಲನ್ನೂ ಮೋಟರಿನ ಬಲವನ್ನೂ ವಿಚಾರಿಸುವರೇ ಹೊರತು, ಅಲಗಿನ ಪಕ್ಕದಲ್ಲಿ ನಿಂತು ಕಟ್ಟಿಗೆಗೆ ದಾರಿ ತೋರುವ ಗೈಡನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಸೀಳು ನೆಟ್ಟಗಾಗುವುದೂ ಬಡಿಗನ ಮೈ ಸುರಕ್ಷಿತವಾಗಿ ಉಳಿಯುವುದೂ ಬಹುಮಟ್ಟಿಗೆ ಅದನ್ನೇ ಅವಲಂಬಿಸಿವೆ.

ಅಲಗಿನ ಮುಂಬದಿಯ ಹಲ್ಲುಗಳು ಕಟ್ಟಿಗೆಯನ್ನು ಮೇಜಿಗೆ ಅದುಮುತ್ತ ಕೆಳಗಿಳಿಯುತ್ತವೆ, ಹಿಂಬದಿಯವು ಮೇಲಕ್ಕೇಳುತ್ತವೆ. ಗೈಡಿನ ಹಿಂತುದಿಯು ಅಲಗಿನ ಕಡೆಗೆ ಕಿಂಚಿತ್ತು ವಾಲಿದ್ದರೂ ಸಾಕು, ಸಂಕುಚಿತವಾದ ಆ ದಾರಿಯಲ್ಲಿ ಸಿಲುಕಿದ ಕಟ್ಟಿಗೆಯನ್ನು ಮೇಲೇಳುವ ಹಲ್ಲುಗಳು ಎತ್ತಿ, ಎದುರಿಗೆ ನಿಂತವನತ್ತ ಎಸೆದುಬಿಡುತ್ತವೆ. ನಿಮಿಷಕ್ಕೆ 3500 ಸುತ್ತು ಸುತ್ತುವ 10 ಅಂಗುಲದ ಅಲಗಿನಲ್ಲಿ ಹಲ್ಲಿನ ವೇಗವು ತಾಸಿಗೆ 160 ಕಿಲೋಮೀಟರಿಗೂ ಮಿಗಿಲು. ಆ ಹೊಡೆತವನ್ನು ಕೈಯಿಂದ ತಡೆಯುವೆನೆಂಬುದು ಭ್ರಮೆ.

ಪರೀಕ್ಷೆಗೆ ಮೊದಲು ವಿದ್ಯುತ್ ಸಂಪರ್ಕವನ್ನು ಸಂಪೂರ್ಣವಾಗಿ ಕಡಿದಿರತಕ್ಕದ್ದು. ಬಳಿಕ ಅಲಗನ್ನು ಪೂರ್ಣ ಎತ್ತರಕ್ಕೇರಿಸಿ, ಗೈಡಿನ ಕಡೆಗೆ ಬಾಗಿದ ಒಂದು ಹಲ್ಲಿಗೆ ಸುಣ್ಣದಿಂದ ಗುರುತು ಹಾಕಿ, ಅದನ್ನು ಮುಂದೆ ತಂದಾಗ ಗೈಡಿಗೂ ಅದಕ್ಕೂ ಇರುವ ಅಂತರವನ್ನು ಅಳೆಯಬೇಕು. ಅನಂತರ ಅಲಗನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಪುನಃ ಅಳೆಯಬೇಕು. ಬೇರೆ ಬೇರೆ ಹಲ್ಲುಗಳಿಂದ ಅಳೆದರೆ, ಅಲಗಿನ ತಟ್ಟೆ ತುಸು ಸೊಟ್ಟಗಿದ್ದಲ್ಲಿ, ಆ ದೋಷವನ್ನೂ ಗೈಡಿನ ತಲೆಗೇ ಕಟ್ಟಿದಂತಾಗುವುದು. ಎರಡೂ ಅಂತರ ಸಮನಾಗಿರಬೇಕು. ಹಿಂದೆ ಒಂದು ಕಾಗದದಷ್ಟು ಅಗಲ ಹೆಚ್ಚಿದ್ದರೆ ಬಾಧೆಯಿಲ್ಲ, ಕಡಿಮೆಯಾಗಿರುವುದು ಮಾತ್ರ ಎಂದಿಗೂ ಸಲ್ಲದು. ಮೇಜಿನಲ್ಲಿ ಉದ್ದುದ್ದ ಗಾಡಿ (ಕೊರೆದ ತೋಡು) ಇರುವ ಕಾರ್ಖಾನೆಯ ಯಂತ್ರದಲ್ಲಾದರೆ, ಅಲಗು ಆ ಗಾಡಿಗೆ ಸಮಾನಾಂತರವಾಗಿದೆಯೇ ಎಂಬುದನ್ನು ಮೊದಲು ಇದೇ ವಿಧಾನದಿಂದ ಸರಿಪಡಿಸಿಕೊಂಡು, ಆಮೇಲೆ ಗೈಡನ್ನು ಗಾಡಿಗೆ ಹೊಂದಿಸುವುದು ಕ್ರಮ. ಗೈಡಿನ ಮುಖವು ಮೇಜಿಗೆ ನೆಟ್ಟಗಿರುವುದನ್ನು ಗುಣ್ಯಾ (ಮೂಲೆಮಟ್ಟ) ಹಿಡಿದು ನೋಡುವುದು ಅರೆಗಳಿಗೆಯ ಕೆಲಸ.

ಹಳ್ಳಿಯ ಅಂಗಡಿಗಳಲ್ಲಿ ಆಂಗಲ್ ಕಬ್ಬಿಣವನ್ನು ಬೆಸೆದು ಮೇಲೆ ತಗಡು ಹೊದಿಸಿ ಮಾಡಿದ ಯಂತ್ರಗಳಿಗೆ, ಎರಡು ಕ್ಲ್ಯಾಂಪುಗಳಿಂದ ಬಿಗಿದ ಕಬ್ಬಿಣದ ತುಂಡೇ ಗೈಡು. ಅದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಪ್ರತಿ ಸಲ ಎರಡೂ ತುದಿಗಳಲ್ಲಿ ಅಳೆದು ಬಿಗಿಯುವವನ ಕೈಯಲ್ಲಿ ಅದು ಬೆಲೆಯುಳ್ಳ ಯಂತ್ರಕ್ಕೆ ಸಮಾನವಾಗಿ ನಡೆಯುತ್ತದೆ. ಆದರೆ ಸೀಳು ಕೂಡಿಕೊಳ್ಳದಂತೆ ಅಲಗಿನ ಹಿಂದೆ ನಿಲ್ಲುವ ಉಕ್ಕಿನ ಪಟ್ಟಿಯನ್ನು ಅಡ್ಡಿಯೆಂದು ಕಿತ್ತೆಸೆಯುವ ಜಾಣತನವನ್ನು ಮನ್ನಿಸಲಾರೆ. ಜಾಲಿಯಂಥ ಬಿಗುಪಿನ ಕಟ್ಟಿಗೆಯು ಸೀಳಿದೊಡನೆ ಒಳಗಿನ ಸೆಳೆತ ಬಿಚ್ಚಿ ಬಾಗುತ್ತದೆ. ಅಂಥದಕ್ಕೆ, ಗೈಡಿನ ಮುಖಕ್ಕೆ ಅಲಗಿನ ಮಧ್ಯದವರೆಗೆ ಮಾತ್ರ ಮುಟ್ಟುವ ಮೋಟು ಹಲಗೆಯೊಂದನ್ನು ಜೋಡಿಸಿದರೆ, ಸೀಳಾದ ಭಾಗವು ಗೈಡಿನ ಕಡೆಗೆ ಸರಿಯಲು ಎಡೆ ದೊರೆಯುವುದು.

ಆರೈಕೆ ಅಲ್ಪವೇ. ಗೈಡು ಸರಿಯುವ ಕಂಬಿಯ ಮೇಲೆ ಹೊಟ್ಟು ಕೂತರೆ ಬಿಗಿದಾಗ ಅದು ಓರೆಯಾಗಿ ನಿಲ್ಲುವುದರಿಂದ, ದಿನವೂ ಒರೆಸಿ, ಆಗಾಗ ಮೇಣದಬತ್ತಿಯನ್ನು ತೀಡಿದರೆ ಸಾಕು. ಎಣ್ಣೆ ಹಚ್ಚಬಾರದು, ಹೊಟ್ಟೆಲ್ಲವೂ ಅದಕ್ಕೇ ಅಂಟುತ್ತದೆ. ಮರದ ಮುಖಹಲಗೆಯು ಮಳೆಗಾಲದ ತೇವಕ್ಕೆ ಉಬ್ಬುವುದುಂಟು. ರಂದಾ ಹೊಡೆದು ಸಮ ಮಾಡಬೇಕು, ಇಲ್ಲವೆ ಬದಲಿಸಬೇಕು. ಗೈಡಿಗೆ ತಾಗಿ ಸಾಗಿದ ತುಂಡಿನ ಸೀಳುಮೈಯಲ್ಲಿ ಸುಟ್ಟ ಕಪ್ಪು ಗೆರೆ ಕಂಡರೆ, ಹಿಂತುದಿ ಒಳಕ್ಕೆ ವಾಲಿದೆಯೇ ಎಂದು ಮೊದಲು ನೋಡಬೇಕು. ಹಲ್ಲು ಮೊಂಡಾಗಿರುವುದೂ ಸಾಧ್ಯ. ಯಂತ್ರವನ್ನು ಟ್ರಾಲಿಯಲ್ಲಿ ಹೇರಿಕೊಂಡು ಇನ್ನೊಂದೂರಿನ ಮನೆಗೆಲಸಕ್ಕೆ ಒಯ್ದಾಗಲಂತೂ, ಇಳಿಸಿದ ಮೇಲೆ ಮೊದಲ ಹಲಗೆಯನ್ನು ಕೊಡುವುದಕ್ಕೆ ಮುನ್ನ, ಸುಣ್ಣದ ಗುರುತಿನ ಹಲ್ಲನ್ನು ಮತ್ತೊಮ್ಮೆ ಹಿಂದೆ ಮುಂದೆ ತಿರುಗಿಸಿ ಅಳೆಯತಕ್ಕದ್ದು.