ಸ್ನೇಹದ್ರವ್ಯವೂ ಹೃದಯಾರೋಗ್ಯವೂ

ಎಳ್ಳಿನ ನೆಯ್ 'ಎಣ್ಣೆ'ಯಾಯಿತು. ಬೆಳ್ಳನೆಯ ನೆಯ್ 'ಬೆಣ್ಣೆ'ಯಾಯಿತು. ನೆಯ್ ಎಂದರೆ ಜಿಡ್ಡು. ಸಂಸ್ಕೃತದಲ್ಲಿಯೂ ತಿಲದಿಂದ ಬಂದುದೇ ತೈಲ. ಆಯುರ್ವೇದದ ಆಚಾರ್ಯರು ಜಿಡ್ಡಿಗೆ 'ಸ್ನೇಹ'ವೆಂಬ ಸೊಗಸಾದ ಹೆಸರನ್ನಿತ್ತು, ಘೃತ, ತೈಲ, ವಸಾ, ಮಜ್ಜಾ ಎಂದು ಅದನ್ನು ನಾಲ್ಕು ಬಗೆಯಾಗಿ ಎಣಿಸಿದರು. ಜಿಡ್ಡೆಲ್ಲವೂ ಒಂದೇ ಅಲ್ಲವೆಂಬ ವಿವೇಕ ನಮ್ಮಲ್ಲಿ ಹಳೆಯದು. ಇಂದು ಮಾತ್ರ ಒಬ್ಬರು ಎಣ್ಣೆ ತುಪ್ಪಗಳೆರಡನ್ನೂ ಬಿಡಿರೆಂದರೆ, ಮತ್ತೊಬ್ಬರು ತುಪ್ಪವೇ ಅಮೃತ, ಉಳಿದುದೆಲ್ಲ ವಿಷವೆನ್ನುತ್ತಾರೆ. ಎರಡೂ ಅತಿರೇಕದ ಮಾತುಗಳೇ. ನಿತ್ಯವೂ ದಾಸೋಹದ ಒಲೆ ಉರಿಯುವ, ಭಕ್ತರು ಎಣ್ಣೆಯ ಡಬ್ಬಿಗಳನ್ನು ತಂದು ಅರ್ಪಿಸುವ ನಮ್ಮಂತಹ ಸಂಸ್ಥೆಯಲ್ಲಿ ಈ ವಿಷಯದ ವಿವೇಚನೆ ಅನುಚಿತವಾಗಲಾರದು.

ಮೊದಲು ಕೊಲೆಸ್ಟರಾಲಿನ ಮಾತು. ಗ್ರೀಕ್ ಭಾಷೆಯಲ್ಲಿ 'ಖೋಲೆ' ಎಂದರೆ ಪಿತ್ತ, 'ಸ್ಟೀರಿಯೋಸ್' ಎಂದರೆ ಘನ. ಪಿತ್ತಾಶಯದ ಕಲ್ಲುಗಳಲ್ಲಿ ಮೊದಲು ಕಂಡುದರಿಂದ ಈ ಹೆಸರು ಬಂದಿತು. ಇದು ಎಣ್ಣೆಯಲ್ಲ, ಮೇಣದಂತಹ ಒಂದು ವಸ್ತು. ಜೀವಕೋಶದ ಪೊರೆಗೆ, ಪಿತ್ತರಸಕ್ಕೆ, ಹಲವು ಅಂತಃಸ್ರಾವಗಳಿಗೆ ಇದು ಬೇಕೇ ಬೇಕು. ಆದುದರಿಂದಲೇ ದೇಹವು ಅನ್ಯರ ದಾರಿ ಕಾಯದೆ, ತನಗೆ ಬೇಕಾದುದರ ಬಹುಭಾಗವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸಸ್ಯಗಳಲ್ಲಿ ಇದು ಇಲ್ಲವೆಂಬಷ್ಟು ಅಲ್ಪ. ಹೀಗಿರಲು ಶೇಂಗಾ ಎಣ್ಣೆಯ ಡಬ್ಬಿಯ ಮೇಲೆ 'ಕೊಲೆಸ್ಟರಾಲ್ ರಹಿತ' ಎಂದು ಅಚ್ಚು ಹಾಕುವುದು, ಜೋಳದ ಚೀಲದ ಮೇಲೆ 'ಇದರಲ್ಲಿ ಮಾಂಸವಿಲ್ಲ' ಎಂದು ಬರೆದಂತೆಯೇ ಸರಿ!

ಹಾಗಾದರೆ ಎಣ್ಣೆಗೂ ಹೃದಯಕ್ಕೂ ಏನು ಸಂಬಂಧ? ಕೊಲೆಸ್ಟರಾಲು ರಕ್ತದಲ್ಲಿ ಕರಗದು. ಅದನ್ನು ಹೊತ್ತೊಯ್ಯಲು ಬಂಡಿಗಳಿವೆ. ಗಂಜಿಗೆ ಹತ್ತಿಯ ಬಂಡಿಗಳು ಬರುವಂತೆ, ಎಲ್‌ಡಿಎಲ್ ಎಂಬ ಬಂಡಿಯು ಸರಕನ್ನು ಅಂಗಾಂಗಗಳಿಗೆ ಒಯ್ಯುತ್ತದೆ. ಎಚ್‌ಡಿಎಲ್ ಎಂಬುದು ಉಳಿದುದನ್ನು ಯಕೃತ್ತಿಗೆ ಹಿಂದಿರುಗಿಸುತ್ತದೆ. ಎಲ್‌ಡಿಎಲ್ ಬಂಡಿಗಳನ್ನು ಒಳಗೆ ಬರಮಾಡಿಕೊಳ್ಳಲು ಯಕೃತ್ತಿನ ಮೇಲೆ ವಿಶೇಷವಾದ ಬಾಗಿಲುಗಳಿವೆ. ಈ ಬಾಗಿಲುಗಳನ್ನು ಕಂಡುಹಿಡಿದ ಅಮೆರಿಕೆಯ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ವೈದ್ಯರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬಾಗಿಲುಗಳು ಕಡಿಮೆಯಾದರೆ ಬಂಡಿಗಳು ರಕ್ತದಲ್ಲಿಯೇ ಸಾಲುಗಟ್ಟಿ ನಿಲ್ಲುತ್ತವೆ. ವರ್ಷಗಳು ಕಳೆದಂತೆ ಹೃದಯದ ಧಮನಿಗಳ ಗೋಡೆಯೊಳಗೆ ಸರಕು ಸೇರಿ ದಾರಿ ಇಕ್ಕಟ್ಟಾಗುತ್ತದೆ. ನಾವು ತಿನ್ನುವ ಜಿಡ್ಡಿನ ಪಾತ್ರವಿರುವುದು ಇಲ್ಲಿಯೇ. ಸಂತೃಪ್ತ ಕೊಬ್ಬು ಈ ಬಾಗಿಲುಗಳನ್ನು ತಗ್ಗಿಸುತ್ತದೆ. ಅದರ ಸ್ಥಾನದಲ್ಲಿ ಅಸಂತೃಪ್ತ ಕೊಬ್ಬನ್ನು ಸೇವಿಸಿದರೆ ಬಾಗಿಲುಗಳು ಹೆಚ್ಚುತ್ತವೆ, ರಕ್ತದ ಎಲ್‌ಡಿಎಲ್ ಇಳಿಯುತ್ತದೆ.

ಇವೆರಡರ ಭೇದವನ್ನು ಗೃಹಿಣಿಯರು ಚಳಿಗಾಲದಲ್ಲಿ ಕಣ್ಣಾರೆ ಕಾಣುತ್ತಾರೆ. ಪುಷ್ಯಮಾಸದ ಬೆಳಗಿನಲ್ಲಿ ತುಪ್ಪ ಗಟ್ಟಿಯಾಗಿರುತ್ತದೆ, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುತ್ತದೆ. ಕುಸುಬೆಯ ಎಣ್ಣೆ ಮಾತ್ರ ತಿಳಿಯಾಗಿ ಹರಿಯುತ್ತದೆ. ಸಂತೃಪ್ತ ಕೊಬ್ಬಿನ ಕಣಗಳು ನೆಟ್ಟಗಿದ್ದು ಒತ್ತಾಗಿ ಕೂಡುತ್ತವೆ. ಅಸಂತೃಪ್ತದವು ಬಾಗಿರುವುದರಿಂದ ಹಾಗೆ ಕೂಡಲಾರವು. ತುಪ್ಪದಲ್ಲಿ ಸಂತೃಪ್ತಾಂಶ ನೂರಕ್ಕೆ ಸುಮಾರು 60, ಕೊಬ್ಬರಿ ಎಣ್ಣೆಯಲ್ಲಿ 90, ತಾಳೆ ಎಣ್ಣೆಯಲ್ಲಿ 50. ಶೇಂಗಾ ಎಣ್ಣೆಯಲ್ಲಿ 20ರ ಒಳಗೆ, ಕುಸುಬೆಯಲ್ಲಿ 10ರ ಆಸುಪಾಸು.

ಇಲ್ಲಿ ನಮ್ಮ ಸೀಮೆಯ ಭಾಗ್ಯವನ್ನು ನೆನೆಯಬೇಕು. ರಾಯಚೂರು, ಮಾನ್ವಿ, ದೇವದುರ್ಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳದೊಡನೆ ಕುಸುಬೆಯನ್ನು ಸಾಲು ಬಿಡುತ್ತಿದ್ದರು. ಅದರ ಮುಳ್ಳಿಗೆ ಹೆದರಿ ದನಗಳು ಹೊಲಕ್ಕೆ ನುಗ್ಗುತ್ತಿರಲಿಲ್ಲ. ಗಾಣದ ಕಣ್ಣಪ್ಪನಂತಹ ಶರಣರ ಹೆಸರಿನೊಡನೆಯೇ ಸೇರಿಕೊಂಡ ಆ ಗಾಣವು ಊರೂರಿನಲ್ಲಿ ತಿರುಗುತ್ತಿತ್ತು. ಜೋಳದ ರೊಟ್ಟಿಗೆ ಹನಿ ಎಣ್ಣೆಯೂ ಬೇಡ. ಅದರೊಡನೆ ನಂಜಿಕೊಳ್ಳುವ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳಲ್ಲಿ ಇರುವುದು ಬಹುಪಾಲು ಅಸಂತೃಪ್ತ ಕೊಬ್ಬು, ಅದೂ ನಾರಿನೊಡನೆ. ಅಗಸಿಯ ಎಣ್ಣೆಯಲ್ಲಂತೂ ಅರ್ಧಕ್ಕೂ ಮಿಕ್ಕಿ ಒಮೇಗಾ-3 ಜಾತಿಯ ಕೊಬ್ಬಿದೆ. ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೂ ನಾರಾಯಣಪುರದ ನೀರು ದೇವದುರ್ಗಕ್ಕೂ ಬಂದ ಮೇಲೆ ಎರೆಹೊಲಗಳು ಗದ್ದೆಗಳಾದವು. ನೀರು ಬಂದುದು ಸಂತೋಷವೇ. ಆದರೆ ಕುಸುಬೆ ಹಿಂದೆ ಸರಿಯಿತು, ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ ಬಂದಿತು. ಜಿಡ್ಡನ್ನು ಬಿಟ್ಟು ಅದರ ಬದಲಿಗೆ ಬಿಳಿ ಅನ್ನವನ್ನೂ ಸಕ್ಕರೆಯನ್ನೂ ಹೆಚ್ಚಿಸಿದವನ ಹೃದಯಕ್ಕೆ ಲಾಭವಿಲ್ಲವೆಂಬುದನ್ನು ಈ ಸಂದರ್ಭದಲ್ಲಿ ಹೇಳಲೇಬೇಕು.

ಇನ್ನು ವನಸ್ಪತಿ. ಜರ್ಮನಿಯ ನಾರ್ಮನ್ ಎಂಬಾತ 1902ರಲ್ಲಿ ಎಣ್ಣೆಗೆ ಜಲಜನಕವನ್ನು ಸೇರಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಅಮೆರಿಕೆಯಲ್ಲಿ 1911ರಲ್ಲಿ ಹೀಗೆ ಮಾರುಕಟ್ಟೆಗೆ ಬಂದ ಕ್ರಿಸ್ಕೋ ತಯಾರಾದುದು, ನಮ್ಮ ರಾಯಚೂರಿಗೆ ಚಿರಪರಿಚಿತವಾದ ಹತ್ತಿಕಾಳಿನ ಎಣ್ಣೆಯಿಂದ! ಭಾರತದಲ್ಲಿ ಇದು 'ಡಾಲ್ಡಾ' ಎಂಬ ಹೆಸರಿನಿಂದ ಮನೆಮಾತಾಯಿತು. ತುಪ್ಪ ಕೊಳ್ಳಲಾರದವರ ಮದುವೆಮನೆಗಳನ್ನು ನಡೆಸಿಕೊಟ್ಟಿತು. ಆದರೆ ಹೀಗೆ ಅರೆಬರೆ ಗಟ್ಟಿಗೊಳಿಸಿದಾಗ 'ಟ್ರಾನ್ಸ್' ಎಂಬ ವಿಕೃತ ಕೊಬ್ಬು ಹುಟ್ಟುತ್ತದೆ. ಅದು ಎಲ್‌ಡಿಎಲ್ ಅನ್ನು ಏರಿಸಿ ಎಚ್‌ಡಿಎಲ್ ಅನ್ನು ಇಳಿಸುತ್ತದೆಂದು ಹಾಲೆಂಡಿನ ಮೆನ್ಸಿಂಕ್ ಮತ್ತು ಕಟಾನ್ 1990ರಲ್ಲಿ ತೋರಿಸಿದರು. ತುಪ್ಪಕ್ಕೂ ಇಲ್ಲದ ಇಮ್ಮಡಿ ದೋಷವಿದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಎಣ್ಣೆ ಹಾಗೂ ಕೊಬ್ಬುಗಳಲ್ಲಿ ಇದನ್ನು ನೂರಕ್ಕೆ 3ಕ್ಕೂ, 2022ರಿಂದ 2ಕ್ಕೂ ಮಿತಗೊಳಿಸಿದೆ. ಹಾಗೆಂದು ವನಸ್ಪತಿ ನಿರ್ದೋಷಿಯಾಗಲಿಲ್ಲ. ತಾಳೆಯ ಘನಾಂಶ ಸೇರಿದಲ್ಲಿ ಸಂತೃಪ್ತ ಕೊಬ್ಬು ಉಳಿದೇ ಇರುತ್ತದೆ.

ಹೋಳಿಗೆಯ ಮೇಲಿನ ಒಂದು ಮಿಳ್ಳೆ ತುಪ್ಪಕ್ಕೆ ಯಾರೂ ಅಂಜಬೇಕಾಗಿಲ್ಲ. ಪ್ರಶ್ನೆ ದಿನದ ಮೊತ್ತದ್ದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಸೇರಿ 2010ರಲ್ಲಿ ಕೊಟ್ಟ ಲೆಕ್ಕದಂತೆ, ಕುಳಿತು ಕೆಲಸ ಮಾಡುವ ಗಂಡಸಿಗೆ ಎಣ್ಣೆ, ತುಪ್ಪ ಎಲ್ಲ ಸೇರಿ ದಿನಕ್ಕೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ ಸಾಕು. ಅಂದರೆ 15 ಕಿಲೋ ಡಬ್ಬಿಯೊಂದು 100 ಮಂದಿ ಅಂತಹ ಗಂಡಸರಿಗೆ ಆರು ದಿನ ಬರಬೇಕು. ಬೆಳೆಯುವ ಮಕ್ಕಳಿಗೂ ಹೊಲದಲ್ಲಿ ದುಡಿಯುವವರಿಗೂ ಇದಕ್ಕಿಂತ ಹೆಚ್ಚು ಬೇಕು. ಪ್ರಸಾದ ನಿಲಯದ ವಿದ್ಯಾರ್ಥಿಗಳ ಪಾಲನ್ನು ಕಡಿತಗೊಳಿಸಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಲೆಕ್ಕ ಬೇಕಾಗಿರುವುದು ನಮಗೆ, ಅಂದರೆ ಕುರ್ಚಿಯ ಮೇಲೆ ಕುಳಿತ ಅಧ್ಯಾಪಕರಿಗೆ ಮತ್ತು ಗದ್ದುಗೆಯ ಮೇಲೆ ಕುಳಿತ ವರ್ತಕ ಮಹನೀಯರಿಗೆ.

ದಾಸೋಹಕ್ಕೆ ಡಬ್ಬಿ ಅರ್ಪಿಸುವ ದಾನಿಗಳಲ್ಲಿ ಒಂದು ವಿನಂತಿ. ವನಸ್ಪತಿ, ತಾಳೆ ಎಣ್ಣೆಗಳಿಗಿಂತ ಶೇಂಗಾ ಎಣ್ಣೆ ಲೇಸು. ಕರಿಯುವ ಶಾಖವನ್ನು ಅದು ಕುಸುಬೆಗಿಂತ ಚೆನ್ನಾಗಿ ತಾಳುತ್ತದೆ. ಕುಸುಬೆಯನ್ನು ಒಗ್ಗರಣೆಗೂ ಪಲ್ಯಕ್ಕೂ ಇಟ್ಟುಕೊಳ್ಳಬಹುದು. ಜಾತ್ರೆಯ ದಿನ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಮರುದಿನದ ಮಿರ್ಚಿ ಭಜಿಗೆ ಕಾಯಿಸುವ ರೂಢಿ ಮಾತ್ರ ನಿಲ್ಲಬೇಕು. ಪದೇ ಪದೇ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶಗಳು ನೂರಕ್ಕೆ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈಯಿಂದ ಕಾಯಿದೆಯೇ ಇದೆ. ಬಣ್ಣ ಕಪ್ಪಾದ, ಕಾಯುವ ಮೊದಲೇ ಹೊಗೆಯಾಡುವ, ನೊರೆಯೇಳುವ ಎಣ್ಣೆಯನ್ನು ಅಡುಗೆಯವರು ಮೂಸಿ ನೋಡಿಯೇ ಗುರುತಿಸಬಲ್ಲರು.