ನೂರನಾಲ್ಕು ವರ್ಷ ಬಾಳಿದ ತಾಯಿ

ನಮ್ಮ ಬೇಳದ ಶೋಕಮಾತೆಯ ಇಗರ್ಜಿ ಕಟ್ಟಿದುದು 1890ರಲ್ಲಿ. ಮಗನ ಮರಣವನ್ನು ಕಣ್ಣಾರೆ ಕಂಡ ತಾಯಿಯ ಹೆಸರಿನ ಇಗರ್ಜಿ ಅದು. ಕ್ರೈಸ್ತರಲ್ಲದ ನಾವು ಕೂಡ ಆ ದಾರಿಯಾಗಿ ಹೋಗುವಾಗ ಒಮ್ಮೆ ಅತ್ತ ನೋಡದೆ ಮುಂದೆ ಹೋಗುವುದಿಲ್ಲ. ಅದೇ 1890ರ ಜುಲೈ 22ರಂದು ದೂರದ ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅದಕ್ಕೆ ರೋಸ್ ಎಂದು ಹೆಸರಿಟ್ಟು, ಸಂತ ಸ್ಟೀಫನ್ನರ ಇಗರ್ಜಿಯಲ್ಲಿ ಜ್ಞಾನಸ್ನಾನ ಮಾಡಿಸಿದರು. ಆ ಮಗು 104 ವರ್ಷ ಬದುಕಿತು. ಅಷ್ಟರಲ್ಲಿ ತನ್ನ ಒಂಬತ್ತು ಮಕ್ಕಳಲ್ಲಿ ನಾಲ್ವರ ಮರಣವನ್ನು ಕಂಡಿತು.

ಅಧ್ಯಕ್ಷ ಜಾನ್ ಕೆನಡಿಯವರ ತಾಯಿ ಎಂದರೆ ಹಿರಿಯ ಓದುಗರಿಗೆ ಬೇಗ ಗುರುತು ಸಿಕ್ಕೀತು. ಆದರೆ ಈ ಲೇಖನ ಅಧ್ಯಕ್ಷರ ಕುರಿತಾದುದಲ್ಲ. ಆ ಮನೆಯಲ್ಲಿ ಹೆಸರೇ ಕೇಳದಂತಾಗಿದ್ದ ಇನ್ನೊಂದು ಮಗುವಿನದು, ಆ ಮಗುವಿನ ತಾಯಿಯದು.

ರೋಸ್ ಅವರ ತಂದೆ ಜಾನ್ ಫಿಟ್ಜೆರಾಲ್ಡ್ ಐರಿಷ್ ಮೂಲದ ಕೆಥೋಲಿಕರು. 1906ರಲ್ಲಿ ಬಾಸ್ಟನ್ನಿನ ಮೇಯರ್ ಆದವರು. ಅದೇ ವರ್ಷ ಮಗಳು ಹದಿನೈದರ ಪ್ರಾಯದಲ್ಲೇ ಹೈಸ್ಕೂಲು ಮುಗಿಸಿದಾಗ ಪ್ರಮಾಣಪತ್ರ ಕೊಟ್ಟವರು ಸ್ವತಃ ತಂದೆಯೇ. ವೆಲ್ಲೆಸ್ಲಿ ಕಾಲೇಜಿಗೆ ಸೇರಬೇಕೆಂದು ಹುಡುಗಿಗೆ ಬಹಳ ಆಸೆಯಿತ್ತು. ಮಹಾಧರ್ಮಾಧ್ಯಕ್ಷರ ಮಾತು ಕೇಳಿ ತಂದೆ ಅದಕ್ಕೆ ಒಪ್ಪಲಿಲ್ಲ, ಕನ್ಯಾಸ್ತ್ರೀಯರ ಶಾಲೆಗೆ ಕಳುಹಿಸಿದರು. ಹಾಲೆಂಡಿನ ಒಂದು ಕಾನ್ವೆಂಟಿನಲ್ಲಿಯೂ ಒಂದು ವರ್ಷ ಕಳೆಯಿತು. ಅಲ್ಲಿ ನೆಲೆಗೊಂಡ ಭಕ್ತಿ ಜೀವಮಾನವಿಡೀ ಉಳಿಯಿತು. ಕಾಲೇಜು ತಪ್ಪಿದ ದುಃಖವೂ ಹಾಗೆಯೇ ಉಳಿಯಿತೆಂದು ಮುಪ್ಪಿನಲ್ಲಿ ಅವರೇ ಹೇಳಿಕೊಂಡಿದ್ದಾರೆ.

1914ರ ಅಕ್ಟೋಬರ್ 7ರಂದು ಜೋಸೆಫ್ ಕೆನಡಿಯವರೊಡನೆ ವಿವಾಹ. 1915ರಿಂದ 1932ರೊಳಗೆ ನಾಲ್ಕು ಗಂಡು, ಐದು ಹೆಣ್ಣು ಮಕ್ಕಳು. ಗಂಡ ಹಣ ಗಳಿಸುವುದರಲ್ಲಿ ಎಷ್ಟು ಚತುರನೋ, ಪರಸ್ತ್ರೀಯರ ವಿಷಯದಲ್ಲಿ ಅಷ್ಟೇ ಸಡಿಲ. ಹೆಂಡತಿ ಬಾಯಿಬಿಟ್ಟು ದೂರಲಿಲ್ಲ. ದಿನವೂ ಬಲಿಪೂಜೆಗೆ ಹೋದರು, ಜಪಸರ ಹಿಡಿದರು, ಮಕ್ಕಳನ್ನು ಸಾಕಿದರು.

ಅವರು ಮಕ್ಕಳನ್ನು ಸಾಕಿದ ಕ್ರಮ ಅಧ್ಯಾಪಕನಾದ ನನಗೆ ಕೌತುಕದ ವಿಷಯ. ಒಂದು ಪೆಟ್ಟಿಗೆಯಲ್ಲಿ ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಕಾರ್ಡು. ಹುಟ್ಟಿದ ದಿನ, ಜ್ಞಾನಸ್ನಾನ, ಹಾಕಿಸಿದ ಚುಚ್ಚುಮದ್ದು, ಬಂದ ಕಾಯಿಲೆ, ತೂಕ, ಹಲ್ಲಿನ ಪರೀಕ್ಷೆ ಎಲ್ಲವೂ ಅದರಲ್ಲಿ ದಾಖಲು. ಊಟದ ಮೇಜಿನಲ್ಲಿ ಮಕ್ಕಳಿಗೆ ಪ್ರಶ್ನೆ. ಪತ್ರಿಕೆಯ ಸುದ್ದಿಗಳನ್ನು ಹಲಗೆಗೆ ಚುಚ್ಚಿಟ್ಟು, ಓದಿಬಂದು ಮಾತಾಡಿರೆಂಬ ಅಪ್ಪಣೆ. ನಾವು ಶಾಲೆಯಲ್ಲಿ ಹಾಜರಿ ಪುಸ್ತಕ ಇಡುವುದಕ್ಕಿಂತಲೂ ಅಚ್ಚುಕಟ್ಟು.

ಆದರೆ ಆ ಪೆಟ್ಟಿಗೆಯಲ್ಲಿ ಒಂದು ಕಾರ್ಡು ಉಳಿದವುಗಳ ಹಾಗಿರಲಿಲ್ಲ. ಮೂರನೆಯ ಮಗು ರೋಸ್‌ಮೇರಿ ಹುಟ್ಟಿದ್ದು 1918ರ ಸೆಪ್ಟೆಂಬರ್ 13ರಂದು, ಇನ್‌ಫ್ಲುಯೆಂಜಾ ಮಾರಿ ಬಾಸ್ಟನ್ನಿನ ಮೇಲೆ ಎರಗಿದ್ದ ದಿನಗಳಲ್ಲಿ. ಡಾಕ್ಟರು ಬರುವುದು ತಡವಾದುದರಿಂದ ದಾದಿ ಹೆರಿಗೆಯನ್ನು ತಡೆದು ಹಿಡಿದಳೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಮಗು ನಡೆದುದೂ ತಡ, ಮಾತಾಡಿದುದೂ ತಡ. ಅಕ್ಷರ ಹತ್ತಲಿಲ್ಲ. ತಾಯಿ ತಾನೇ ಕೂತು ಕಲಿಸಿದರು, ಅವಳೊಡನೆ ಟೆನ್ನಿಸ್ ಆಡಿದರು. ವಿಷಯ ಮಾತ್ರ ಹೊರಗೆ ತಿಳಿಯಬಾರದು. ಮಾನವಂತರ ಮನೆಯಲ್ಲವೇ?

1938ರಲ್ಲಿ ಜೋಸೆಫ್ ಕೆನಡಿ ರಾಯಭಾರಿಯಾಗಿ ಲಂಡನ್ನಿಗೆ ಹೋದಾಗ ಸಂಸಾರವೂ ಹೋಯಿತು. ಅಲ್ಲಿ ಕನ್ಯಾಸ್ತ್ರೀಯರ ಒಂದು ಮಾಂಟೆಸ್ಸರಿ ಶಾಲೆಯಲ್ಲಿ ರೋಸ್‌ಮೇರಿ ಚಿಗುರಿಕೊಂಡಳು. ಚಿಕ್ಕ ಮಕ್ಕಳಿಗೆ ಓದಿ ಹೇಳುವಷ್ಟಾದಳು. ಟಿ.ಸಿ.ಎಚ್. ತರಬೇತಿಯಲ್ಲಿ ನಾವು ಮಾಂಟೆಸ್ಸರಿ ಪದ್ಧತಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು. ಇಪ್ಪತ್ತು ದಾಟಿದ ಒಬ್ಬ ಹುಡುಗಿಗೆ ಅದು ಜೀವ ಕೊಟ್ಟಿತೆಂದು ಓದಿದಾಗಲೇ ನನಗೆ ಅದರ ಬೆಲೆ ತಿಳಿದುದು.

ಯುದ್ಧದ ಕಾರಣ ಆಕೆ 1940ರಲ್ಲಿ ಅಮೆರಿಕಕ್ಕೆ ಮರಳಬೇಕಾಯಿತು. ಕಲಿತದ್ದು ಜಾರತೊಡಗಿತು, ಸಿಟ್ಟು ಹೆಚ್ಚಿತು. 1941ರ ನವೆಂಬರಿನಲ್ಲಿ ತಂದೆ ಆಕೆಗೆ ಲೊಬಾಟಮಿ ಎಂಬ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಇಪ್ಪತ್ತಮೂರರ ಯುವತಿ ನಡೆಯಲಾರದ, ಮಾತಾಡಲಾರದ ಸ್ಥಿತಿಗೆ ಬಂದಳು. ಗಂಡ ತನಗೆ ತಿಳಿಸದೆ ಇದನ್ನು ಮಾಡಿಸಿದನೆಂದು ರೋಸ್ ಮುಂದೆ ಹೇಳಿದರು. 1949ರಿಂದ ವಿಸ್ಕಾನ್ಸಿನ್ ರಾಜ್ಯದ ಜೆಫರ್ಸನ್ ಎಂಬಲ್ಲಿ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರ ಆಶ್ರಯದಲ್ಲಿ ರೋಸ್‌ಮೇರಿಯ ವಾಸ. ಸುಮಾರು ಇಪ್ಪತ್ತು ವರ್ಷ ತಾಯಿ ಮಗಳನ್ನು ನೋಡಲು ಹೋಗಲಿಲ್ಲ ಎನ್ನುತ್ತಾರೆ. ದಿನವೂ ದೇವರ ಮುಂದೆ ಮೊಣಕಾಲೂರುತ್ತಿದ್ದ ತಾಯಿ ಅಷ್ಟು ಕಾಲ ಅದನ್ನು ಹೇಗೆ ಸಹಿಸಿದರೋ!

ಆ ನಡುವೆ ಸಾವುಗಳು ಒಂದರ ಹಿಂದೆ ಒಂದು ಬಂದವು. ಹಿರಿಯ ಮಗ ಜೋ 1944ರ ಆಗಸ್ಟಿನಲ್ಲಿ ಯುದ್ಧವಿಮಾನ ಸಿಡಿದು ಸತ್ತ. ಮಗಳು ಕ್ಯಾಥ್ಲೀನ್ ಅನ್ಯ ಪಂಗಡದವನನ್ನು ಮದುವೆಯಾದಳೆಂದು ತಾಯಿಗೆ ತೀರದ ಕೋಪ. ಆಕೆ 1948ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಮಣ್ಣಿಗೆ ಹೋದವರು ತಂದೆ ಮಾತ್ರ, ತಾಯಿ ಹೋಗಲಿಲ್ಲ. 1963ರ ನವೆಂಬರ್ 22ರಂದು ಜಾನ್, 1968ರ ಜೂನ್ 6ರಂದು ರಾಬರ್ಟ್, ಇಬ್ಬರೂ ಗುಂಡಿಗೆ ಬಲಿ. 1969ರಲ್ಲಿ ಗಂಡನೂ ಹೋದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ತಾಯಿಗೆ ಕೌಂಟೆಸ್ ಎಂಬ ಬಿರುದು ಕೊಟ್ಟಿದ್ದರು. ಬಿರುದು ದುಃಖವನ್ನು ತಡೆದೀತೇ?

1961ರ ಡಿಸೆಂಬರಿನಲ್ಲಿ ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಆ ಬಳಿಕವೇ ರೋಸ್ ವಿಸ್ಕಾನ್ಸಿನ್ನಿಗೆ ಹೋಗಿ ಮಗಳನ್ನು ಕಂಡರು. ಮುಂದೆ ರೋಸ್‌ಮೇರಿ ಮನೆಗೂ ಬಂದುಹೋಗತೊಡಗಿದಳು. 1962ರಲ್ಲಿ ತಂಗಿ ಯೂನಿಸ್ ಅಕ್ಕನ ಸಂಗತಿಯನ್ನು ಒಂದು ಪ್ರಸಿದ್ಧ ಪತ್ರಿಕೆಯಲ್ಲಿ ಬರೆದಳು. ಆದರೂ ಶಸ್ತ್ರಚಿಕಿತ್ಸೆಯ ಮಾತು ಅದರಲ್ಲಿರಲಿಲ್ಲ. ಅದೇ ವರ್ಷ ಇಂಥ ಮಕ್ಕಳಿಗಾಗಿ ತನ್ನ ಮನೆಯಂಗಳದಲ್ಲೇ ಆಟದ ಶಿಬಿರ ನಡೆಸಿದಳು. 1963ರ ಅಕ್ಟೋಬರಿನಲ್ಲಿ ಅಣ್ಣ ಜಾನ್ ಅವರಿಗಾಗಿ ಒಂದು ಕಾನೂನಿಗೆ ಸಹಿ ಹಾಕಿದರು. 1968ರ ಜುಲೈಯಲ್ಲಿ, ರಾಬರ್ಟ್ ತೀರಿ ಎರಡು ತಿಂಗಳೂ ಆಗಿರಲಿಲ್ಲ, ಶಿಕಾಗೋದಲ್ಲಿ ಸುಮಾರು 1000 ಮಂದಿ ಕೂಡಿ ಮೊದಲ ವಿಶೇಷ ಒಲಿಂಪಿಕ್ಸ್ ನಡೆಯಿತು. ಅಡಗಿಸಿಟ್ಟಿದ್ದ ಒಂದು ಹೆಸರಿನಿಂದ ಇಷ್ಟೆಲ್ಲ ಆಯಿತು.

ರೋಸ್ 1984ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಗಾಲಿಕುರ್ಚಿ ಹಿಡಿದರು. 1995ರ ಜನವರಿ 22ರಂದು ಕಣ್ಣುಮುಚ್ಚಿದರು. ಜ್ಞಾನಸ್ನಾನವಾದ ಅದೇ ಸಂತ ಸ್ಟೀಫನ್ನರ ಇಗರ್ಜಿಯಲ್ಲಿ ಕೊನೆಯ ಪೂಜೆ ನಡೆಯಿತು. ರೋಸ್‌ಮೇರಿ ಇನ್ನೂ ಹತ್ತು ವರ್ಷ ಬದುಕಿ 2005ರಲ್ಲಿ, 86ರ ಪ್ರಾಯದಲ್ಲಿ ತೀರಿಕೊಂಡಳು.

ಅಷ್ಟು ದೂರದ ಕತೆ ನಮಗೇಕೆ? ನಮ್ಮ ಎಣ್ಮಕಜೆಯ ಗುಡ್ಡಗಳಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅಲ್ಲಿನ ಎಷ್ಟೋ ಮನೆಗಳಲ್ಲಿ ಏಳಲಾರದ, ಮಾತು ಬಾರದ ಮಕ್ಕಳಿದ್ದಾರೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು. ಆ ಮಕ್ಕಳ ತಾಯಂದಿರ ಬಳಿ ಕಾರ್ಡಿನ ಪೆಟ್ಟಿಗೆ ಇಲ್ಲ. ಆಸ್ಪತ್ರೆಯ ಚೀಟಿಗಳನ್ನು ತುಂಬಿದ ಪ್ಲಾಸ್ಟಿಕ್ ಚೀಲವಿದೆ.

ಒಂದು ವರ್ಷ ನಮ್ಮ ಶಾಲಾ ವಾರ್ಷಿಕೋತ್ಸವಕ್ಕೆ ಅಂಥ ತಾಯಿಯೊಬ್ಬರು ಹತ್ತು ವರ್ಷದ ಮಗನನ್ನು ಸೊಂಟದಲ್ಲಿ ಎತ್ತಿಕೊಂಡು ಬಂದಿದ್ದರು. ಹುಡುಗ ನಡುನಡುವೆ ಗಟ್ಟಿಯಾಗಿ ಕೂಗುತ್ತಿದ್ದ. ಅತಿಥಿಗಳು ಏನೆಂದುಕೊಂಡಾರೋ ಎಂಬ ಅಂಜಿಕೆಯಿಂದ ನಾನೇ ಹೋಗಿ, “ಹಿಂದೆ ಕೂತುಕೊಳ್ಳಿ ಅಕ್ಕ, ಅಲ್ಲಿ ಗಾಳಿ ಉಂಟು” ಎಂದೆ. ಅವರು ನನ್ನ ಮುಖ ನೋಡಿ, “ಇವನಿಗೆ ಅಕ್ಕನ ಡ್ಯಾನ್ಸು ಕಾಣುವುದು ಬೇಡವಾ ಮಾಷ್ಟ್ರೇ?” ಎಂದು ಕೇಳಿದರು. ಎದುರಿನ ಬೆಂಚಿನಿಂದ ಏಳಲಿಲ್ಲ. ಕೆನಡಿ ಮನೆತನಕ್ಕೆ ಇಪ್ಪತ್ತು ವರ್ಷ ಹಿಡಿದ ಪಾಠವನ್ನು ಆ ತಾಯಿ ಒಂದೇ ಮಾತಿನಲ್ಲಿ ನನಗೆ ಕಲಿಸಿದರು.

ಅಂದಿನಿಂದ ನಮ್ಮ ಶಾಲೆಯ ಯಾವುದೇ ಕಾರ್ಯಕ್ರಮವಿರಲಿ, ಎದುರಿನ ಎರಡು ಬೆಂಚುಗಳನ್ನು ಇಂಥ ಮಕ್ಕಳಿಗೂ ಅವರ ತಾಯಂದಿರಿಗೂ ಬಿಟ್ಟಿಡುತ್ತೇವೆ. ಅತಿಥಿಗಳು ಅವರ ಹಿಂದೆ ಕೂರುತ್ತಾರೆ.